ಐವತ್ತೇಳನೆಯ ಪುಟ

ತಗೋ ರೆಂಡಲ್, ಐದೂ ವಾಪಸ್.
ವ್ಯಾನಿನ ಬಾಗಿಲು ಬೇಗ ಎಳೆದುಕೋ,
ಆರ್ಕ್ನಿಯ ಗಾಳಿಗೆ ಓದುವ ಚಟವಿಲ್ಲ,
ಹಾಳೆ ಹರಿಯುವ ಚಟವಷ್ಟೇ.

ಹೇಗಿದ್ದವು ಅಂತ ಕೇಳುತ್ತೀಯಲ್ಲ, ಹೇಳುತ್ತೇನೆ,
ಆ ಸ್ಟೂಲು ಇತ್ತ ತಳ್ಳು.
ಬೆಳಿಗ್ಗೆ ಐದರಿಂದ ನಿಂತೇ ಇದ್ದೇನೆ
ಏಡಿ ಕಾರ್ಖಾನೆಯಲ್ಲಿ, ಕಾಲು ಮುರಿಯುತ್ತ.
ಏಡಿಯ ಕಾಲು. ನನ್ನದೂ ಅನ್ನು.

ಈ ನೀಲಿ ರಟ್ಟಿನದು:
ಅವನಿಗೆ ಮೂರು ಕಂಪನಿ, ಒಂದು ಹೆಲಿಕಾಪ್ಟರು,
ದವಡೆಯಂತೂ ಅಧ್ಯಾಯಕ್ಕೊಮ್ಮೆ ಬಿಗಿಯುತ್ತದೆ.
ಅಷ್ಟು ಬಿಗಿದರೆ ಹಲ್ಲುನೋವು ಬರಲ್ಲವೇ ಮಾರಾಯ?
ಕೆಲಸ ಯಾವಾಗ ಮಾಡುತ್ತಾನೆಂದು ಹುಡುಕಿದೆ.
ಅರವತ್ತನೆಯ ಪುಟದಲ್ಲಿ ಒಂದು ಸಹಿ ಹಾಕಿದ.
ಅಷ್ಟೇ.

ಇದರಲ್ಲಿ ಅವಳು ಹುಟ್ಟೂರಿಗೆ ಬಂದು
ಕೇಕಿನಂಗಡಿ ತೆರೆಯುತ್ತಾಳೆ. ಎಲ್ಲರೂ ತೆರೆಯುತ್ತಾರೆ.
ಲೆಕ್ಕ ಇಟ್ಟಿದ್ದೇನೆ, ಈ ವರ್ಷ ಹನ್ನೊಂದು ಅಂಗಡಿ.
ಹಿಟ್ಟು ಮೂಗಿನ ತುದಿಗೆ ಮಾತ್ರ ಮೆತ್ತುತ್ತದೆ,
ಅವನು ಬಂದು ಒರೆಸಲಿ ಎಂದು.
ನನ್ನ ತಂಗಿ ಥೋರಾ ಬೇಕರಿಯವಳೇ:
ಹಿಟ್ಟು ಕಿವಿಯಲ್ಲಿ, ಕಾಲುಚೀಲದಲ್ಲಿ, ಕೆಮ್ಮಿನಲ್ಲಿ.
ಒರೆಸಲು ಯಾರೂ ಬರಲಿಲ್ಲ,
ತೆರಿಗೆಯವನು ಬಂದ.

ಮತ್ತೆ ಈ ನಾಯಕರು ಸದಾ ಮರಕ್ಕೆ ಒರಗಿಯೇ ನಿಲ್ಲುತ್ತಾರೆ.
ಇಲ್ಲಿ ಮರವೆಲ್ಲಿ?
ಎರ್ಲೆಂಡ್ ಟ್ರ್ಯಾಕ್ಟರಿಗೆ ಒರಗಿ ಕೇಳಿದ್ದ, ಬರ್ತೀಯಾ ಅಂತ.
ಬೆನ್ನ ತುಂಬ ಗ್ರೀಸು.
ಹೂಂ ಅಂದೆ. ಅಂಗಿ ಒಗೆದವಳೂ ನಾನೇ.

ಬಿರುಗಾಳಿ, ಹೋಟೆಲು, ಒಂದೇ ಹಾಸಿಗೆ.
ಅದು ನನಗಿಷ್ಟ. ನಗಬೇಡ.
ಸಾವಿರ ಸಲ ಬರಲಿ ಆ ಒಂದೇ ಹಾಸಿಗೆ,
ಸಾವಿರ ಸಲವೂ ನಡುವೆ ದಿಂಬಿಡಲಿ,
ಮೊದಲು ಯಾರ ಕೈ ಗಡಿ ದಾಟೀತೆಂದು
ಚಹಾ ಆರಿಹೋಗುವವರೆಗೆ ಕಾಯುತ್ತೇನೆ.
ಬಂದೇ ಬರುವುದಕ್ಕೆ ಕಾಯುವ ಸುಖ
ಪತ್ರಿಕೆಗೆ ಬರೆಯುವವರಿಗೇನು ಗೊತ್ತು,
ಹಡಗುಕಟ್ಟೆಯಲ್ಲಿ ನಿಂತವರಿಗೆ ಗೊತ್ತು.

ಆದರೆ ಆ ಇನ್ನೂರ ಹತ್ತನೆಯ ಪುಟ!
ಅವನ ಪಕ್ಕ ಯಾರೋ ಹೆಣ್ಣು. ಇವಳು ನೋಡಿದಳು, ಓಡಿದಳು.
ಅವನ ಅಕ್ಕ ಕಣೇ ಅದು! ಕೂಗುತ್ತೇನೆ ನಾನು,
ಒಂದು ಫೋನು ಮಾಡೇ!
ಮಾಡಲ್ಲ. ಮಾಡಿದರೆ ಪುಸ್ತಕ ಮುಗಿಯುತ್ತದೆ.
ಎರ್ಲೆಂಡ್ ಅಡುಗೆಮನೆಯಿಂದ ಕೇಳುತ್ತಾನೆ, ಯಾರಿಗೆ ಬೈತಿದ್ದೀ?
ನಿನಗಲ್ಲ.

ನಮಗೂ ಇಂಥದೊಂದು ಪುಟ ಇತ್ತು, ರೆಂಡಲ್.
ಹದಿನೇಳು ಹಾಳೆಗೆ ಮುಗಿಯಲಿಲ್ಲ,
ನಾಲ್ಕು ವರ್ಷ ಹಿಡಿಯಿತು.
ಅಕ್ಕನೂ ಆಗಿರಲಿಲ್ಲ ಅವಳು.

ಅದನ್ನು ಯಾರೂ ಬರೆಯುವುದಿಲ್ಲ,
ಕ್ಷಮಿಸಿದ ಮೇಲೆ ಬರುವ ಮಂಗಳವಾರವನ್ನು.
ಸಿಂಕಿನಲ್ಲಿ ಎರಡು ತಟ್ಟೆ,
ಯಾರು ತೊಳೆಯಬೇಕೆಂಬ ಮೌನ.
ಬರೆದರೆ ಓದುತ್ತೇನಾ? ಸುಳ್ಳು ಯಾಕೆ,
ಬಹುಶಃ ಇಲ್ಲ.
ದಿನವೆಲ್ಲ ಏಡಿ ಮುರಿದವಳಿಗೆ
ಕೊನೆಯ ಪುಟದಲ್ಲಿ ಯಾರಾದರೂ ಓಡಿಬರಬೇಕು,
ಏದುಸಿರು ಬಿಡುತ್ತ.

ಇನ್ನೊಂದು. ಬೈಯಬೇಡ, ಪೆನ್ಸಿಲಿನದು.
ಓದಿದ ಪ್ರತಿಯೊಂದರ ಐವತ್ತೇಳನೆಯ ಪುಟದ ಮೂಲೆಗೆ
ನನ್ನದೊಂದು ಚುಕ್ಕೆ ಇಡುತ್ತೇನೆ.
ರಟ್ಟುಗಳೆಲ್ಲ ಅಕ್ಕತಂಗಿಯರ ಹಾಗೆ, ಗುರುತು ಬೇಡವೇ?
ಈ ಸಲ ನೋಡಿದರೆ
ಚುಕ್ಕೆಯ ಪಕ್ಕ ಒಂದು ಗೀಟು.
ಐದರಲ್ಲೂ.
ನೀಲಿಯದರ ಅರವತ್ತರಲ್ಲಿ, ಆ ಸಹಿಯ ಕೆಳಗೆ,
ಓರೆ ಅಕ್ಷರ: ‘ಪಾಪ, ದಣಿದ.’
ಅದರ ಬದಿಗೆ ಹೆಬ್ಬೆರಳಚ್ಚು, ಕಪ್ಪಗೆ, ಗ್ರೀಸಿನದು.

ನಿನ್ನ ವ್ಯಾನು ಆರು ಕಡೆ ನಿಲ್ಲುತ್ತದೆ,
ಈ ದ್ವೀಪದಲ್ಲಿ ಗ್ರೀಸು ಹತ್ತದ ಬೆರಳೇ ಕಡಿಮೆ.
ಗೊತ್ತು, ಒಂದು ಮಾತು ಕೇಳಿದರಾಯಿತು.
ಕೇಳಲ್ಲ.

ಆ ಕೆಂಪು ರಟ್ಟಿನದು ಕೊಡು.
ಮುಖಪುಟದ ಮೇಲೆ ಕೇಕಿದೆ, ಕಂಡೆ,
ಹನ್ನೆರಡನೆಯದು.
ಇರಲಿ, ಕೊಡು.